ಮೂರನೇ ನಂಬರಿನ ಕ್ಯಾಮೆರಾ

ಸಾವಿರದ ಒಂಬೈನೂರಾ ನಲವತ್ನಾಲ್ಕರಲ್ಲಿ ಮೂರು ವಾರಗಳ ಕಾಲ ನಾನು ಫೋಟೋಗ್ರಾಫರ್ ಆಗಿದ್ದೆ. ಆ ಮೂರರಲ್ಲಿ ಎರಡು ವಾರ ನನ್ನ ಹತ್ತಿರ ಫಿಲ್ಮೇ ಇರಲಿಲ್ಲ. ನನ್ನ ಕೀರ್ತಿ ತುತ್ತತುದಿಯಲ್ಲಿದ್ದದ್ದು ಆ ಎರಡು ವಾರಗಳಲ್ಲೇ.

ಆಗ ನಾನು ದೇವದುರ್ಗದ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಹೆಸರು ವಾದಿರಾಜ. ವರ್ಷಕ್ಕೊಮ್ಮೆ ಬೆಳಕಿನ ಪಾಠ ಬರುತ್ತಿತ್ತು. ರಟ್ಟಿನ ಡಬ್ಬಿಯೊಂದಕ್ಕೆ ಸೂಜಿಯಿಂದ ತೂತು ಮಾಡಿ, ಎದುರು ಬದಿಗೆ ಎಣ್ಣೆ ಸವರಿದ ಕಾಗದ ಅಂಟಿಸಿ, ಕಿಟಕಿಯಾಚೆಯ ಬೇವಿನ ಮರವನ್ನು ತಲೆಕೆಳಗು ಮಾಡಿ ತೋರಿಸುತ್ತಿದ್ದೆ. ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಎಂಟು ವರ್ಷ ಹೀಗೆ ಬೇವಿನ ಮರ ಉರುಳಿಸಿದ ಮೇಲೆ ಕ್ಯಾಮೆರಾದ ಒಳಗುಟ್ಟೆಲ್ಲ ನನಗೆ ತಿಳಿದಿದೆ ಎಂಬುದರಲ್ಲಿ ನನಗೆ ಸಂಶಯವೇ ಉಳಿದಿರಲಿಲ್ಲ. ನಿಜವಾದ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದಿರಲಿಲ್ಲ ಎಂಬುದೊಂದು ಸಣ್ಣ ಕೊರತೆ, ಅಷ್ಟೆ.

ಆ ಕೊರತೆ ತುಂಬಿದವಳು ನನ್ನ ಸೋದರತ್ತೆ ಸತ್ಯಭಾಮಾಬಾಯಿ, ನಮ್ಮ ತಂದೆಯ ತಂಗಿ. ಅವಳ ಗಂಡ ಜಗನ್ನಾಥರಾಯರು ರಾಯಚೂರು ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲಾರ್ಕ್ ಆಗಿದ್ದರು. ಹದಿನೆಂಟನೇ ಇಸವಿಯ ದೊಡ್ಡ ಜ್ವರದಲ್ಲಿ ಮೂರೇ ದಿನಕ್ಕೆ ಹೋಗಿಬಿಟ್ಟರು. ಅತ್ತೆಗೆ ಆಗ ಹದಿನೆಂಟೋ ಹತ್ತೊಂಬತ್ತೋ. ತಲೆಗೂದಲು ತೆಗೆಸಿಕೊಂಡು, ಕೆಂಪು ಸೀರೆ ಉಟ್ಟು, ಮಾನ್ವಿಯ ನಮ್ಮ ಮನೆಗೆ ಬಂದಳು. ಅದೇ ಜ್ವರ ನನ್ನ ತಾಯಿಯನ್ನೂ ಒಯ್ದಿತ್ತು. ಐದು ವರ್ಷದ ನನ್ನನ್ನು ಅವಳ ಮಡಿಲಿಗೆ ಹಾಕಿದರು. ನಾನು ನಾಲ್ಕಕ್ಷರ ಕಲಿತು ಜಂಭ ಕೊಚ್ಚಿಕೊಳ್ಳುವಂತಾಗಿದ್ದರೆ ಅದು ಅವಳು ಹಾಕಿದ ಅನ್ನದ ಬಲ.

ಆ ವರ್ಷ ಯುಗಾದಿಗೆ ನಾನು ಮಾನ್ವಿಗೆ ಹೋದಾಗ, ಒಂದು ಮುಂಜಾನೆ ಅತ್ತೆ ಅಟ್ಟದ ಮೇಲಿನ ಟ್ರಂಕಿನಿಂದ ಹಳೆಯ ಧೋತರದ ಗಂಟೊಂದನ್ನು ಇಳಿಸಿ ನನ್ನ ಮುಂದಿಟ್ಟಳು. ಬಿಚ್ಚಿದರೆ ಕ್ಯಾಮೆರಾ. ಮುಚ್ಚಳ ಎಳೆದರೆ ಕರಿಯ ಚರ್ಮದ ಮಡಿಕೆಗಳು ಬಿಚ್ಚಿಕೊಂಡು ಮೂತಿ ಮುಂದಕ್ಕೆ ಬರುತ್ತಿತ್ತು. ಚರ್ಮದ ವಸ್ತು, ಮಡಿಯಲ್ಲಿ ಮುಟ್ಟುವಂತಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಬೆಳಿಗ್ಗೆ ಸ್ನಾನಕ್ಕೆ ಮೊದಲು ಅದನ್ನು ಇಳಿಸಿ, ಒರೆಸಿ, ಮತ್ತೆ ಕಟ್ಟಿಡುತ್ತಿದ್ದಳಂತೆ. ಇಪ್ಪತ್ತಾರು ವರ್ಷ. ಅದೇ ಮನೆಯಲ್ಲಿ ಬೆಳೆದ ನಾನು ಒಮ್ಮೆಯೂ ನೋಡಿರಲಿಲ್ಲ. ನಾನು ಬೇಗ ಏಳುವವನಲ್ಲ.

“ನಿಮ್ಮ ಮಾವಂದು. ಇನ್ನ ಮುಂದ ನಿಂದು,” ಎಂದಳು ಅತ್ತೆ. “ಇದರಾಗ ನಂದೊಂದು ಫೋಟೋ ಅದ, ಅವರು ತಗದಿದ್ದು. ರಾಯಚೂರಿಗೆ ಹೋದಾಗ ತೊಳಸ್ಕೊಂಡು ಬಾ. ನಾ ಅದನ್ನ ನೋಡಬೇಕಾಗ್ಯದ.”

ನನಗೆ ನಗು ತಡೆಯಲಾಗಲಿಲ್ಲ. ಫೋಟೋ ಏನು ಪಂಚೆಯೇ, ತೊಳೆದು ಹಿಂಡಿ ಒಣಹಾಕಲು? ಅತ್ತೆಯನ್ನು ಕೂರಿಸಿಕೊಂಡು ಪಾಠ ಶುರುಮಾಡಿದೆ. ಬೆಳಕು ನೆಟ್ಟಗೆ ಹೋಗುತ್ತದೆ, ತೂತಿನಲ್ಲಿ ನುಗ್ಗುತ್ತದೆ, ಎದುರಿಗೆ ಚಿತ್ರ ಬೀಳುತ್ತದೆ; ಬೆಳಕು ಹೋದ ಕೂಡಲೇ ಚಿತ್ರವೂ ಹೋಗುತ್ತದೆ. ಉಳಿಯಬೇಕಾದರೆ ಫಿಲ್ಮಿನ ಮೇಲೆ ಉಳಿಯಬೇಕು, ಉಳಿದಿದ್ದರೆ ಕಣ್ಣಿಗೆ ಕಾಣಬೇಕು, ಮಾವ ಅಂಥದ್ದನ್ನು ಒಳಗೇ ಬಿಟ್ಟು ಹೋಗುವರೇ? ಅತ್ತೆ ಪೂರ್ತಿ ಕೇಳಿದಳು. ನನ್ನ ತರಗತಿಯಲ್ಲಿ ಅಷ್ಟು ಗಮನ ಕೊಟ್ಟು ಕೇಳುವವರು ಯಾರೂ ಇರಲಿಲ್ಲ. ಕೊನೆಗೆ, ಇರಲಿ, ನೀನು ತೊಳೆಸಿಕೊಂಡು ಬಾ ಎಂದು ಹೇಳಿ ಸ್ನಾನಕ್ಕೆ ಹೋದಳು.

ಕ್ಯಾಮೆರಾವನ್ನು ಹೆಗಲಿಗೇರಿಸಿಕೊಂಡು ದೇವದುರ್ಗಕ್ಕೆ ಹೋದೆ. ಅದರ ಬೆನ್ನಿನಲ್ಲಿ ಬಟಾಣಿ ಗಾತ್ರದ ಒಂದು ಕೆಂಪು ಗಾಜಿತ್ತು. ಗಾಜಿನೊಳಗೆ ಇಂಗ್ಲಿಷಿನ ಮೂರು ಎಂಬ ಅಂಕಿ ಕಾಣುತ್ತಿತ್ತು. ಇದು ಮೂರನೇ ನಂಬರಿನ ಕ್ಯಾಮೆರಾ ಎಂದು ನಾನು ತೀರ್ಮಾನಿಸಿದೆ. ಒಂದನೆಯದು ಎರಡನೆಯದು ಸಾದಾ ಜನಕ್ಕೆ, ಮೂರನೆಯದು ಬಲ್ಲವರಿಗೆ ಎಂದು ಸ್ಟಾಫ್ ರೂಮಿನಲ್ಲಿ ವಿವರಿಸಿದೆ. ಯಾರೂ ಎದುರಾಡಲಿಲ್ಲ, ಏಕೆಂದರೆ ಊರಿನಲ್ಲಿ ಬೇರೆ ಕ್ಯಾಮೆರಾ ಇರಲಿಲ್ಲ.

ಎರಡು ವಾರ ನನ್ನ ನಡಿಗೆಯೇ ಬದಲಾಯಿತು. ಹೆಡ್ ಮಾಸ್ತರರು ಸ್ಟಾಫಿನ ಗ್ರೂಪ್ ಫೋಟೋ ಬೇಕೆಂದರು. ಮಸರಕಲ್ಲಿನ ಒಬ್ಬ ರೈತ ತನ್ನ ಎತ್ತಿನ ಜೋಡಿಯನ್ನು ತೆಗೆಯಬೇಕೆಂದ. ಅಕ್ಕಿ ಗಿರಣಿಯ ಶಂಭುಲಿಂಗಪ್ಪನವರು ತಮ್ಮನ್ನೂ ತಮ್ಮ ಆಯಿಲ್ ಇಂಜಿನ್ನನ್ನೂ ಒಟ್ಟಿಗೆ ತೆಗೆಯಬೇಕು, ಇಂಜಿನ್ ಸ್ವಲ್ಪ ಮುಂದಿರಲಿ ಎಂದರು. ಎಲ್ಲರಿಗೂ ಆಗಲಿ ಎಂದೆ. ಒಂದು ಫಿಲ್ಮಿನಲ್ಲಿ ಎಷ್ಟು ಚಿತ್ರ ಬರುತ್ತವೆಂದು ತಿಳಿಯುವ ಮೊದಲೇ ಮೂವತ್ತೊಂದು ಜನಕ್ಕೆ ಮಾತು ಕೊಟ್ಟಿದ್ದೆ. ಗುಂಡಿ ಒತ್ತಿ ‘ಟಿಕ್’ ಎನ್ನಿಸಿ ಹುಡುಗರಿಗೆ ಕೇಳಿಸುತ್ತಿದ್ದೆ. ಅಷ್ಟಾದರೂ ಅಲ್ಲಿಯವರೆಗೆ ಏನೂ ಕೆಟ್ಟಿರಲಿಲ್ಲ. ಕೆಡಿಸಲು ನಾನು ಮಾನ್ವಿಗೆ ಬರಬೇಕಾಯಿತು.

ಆಗ ನಮ್ಮ ಶಾಲೆಗೆ ವಾರದ ರಜೆಯಾಗಿದ್ದ ಶುಕ್ರವಾರಕ್ಕೆ ಇನ್ನೆರಡು ದಿನ ಸೇರಿಸಿಕೊಂಡು ಬಂದೆ. ಮರುದಿನ ರಾಯಚೂರಿಗೆ ಹೋಗಿ ಫಿಲ್ಮು ಆರಿಸಿ ತರುವುದು, ಅಂಗಡಿಯಲ್ಲಿ ಯಾವ ಅಳತೆಯದು ಎಂದು ಕೇಳಿದರೆ ತಡವರಿಸಬಾರದು. ಹಾಗಾಗಿ ನಡುಮಧ್ಯಾಹ್ನ ಅಂಗಳದಲ್ಲಿ ಕುಳಿತು ಕ್ಯಾಮೆರಾದ ಬೆನ್ನು ತೆರೆದೆ. ಒಳಗೆ ಕೆಂಪು ಕಾಗದದ ಸುರುಳಿಯೊಂದಿತ್ತು. ಅತ್ತೆಯ ಮಾತು ನೆನಪಾಯಿತು. ಇದರ ಮೇಲೆ ಚಿತ್ರವಿದೆಯೋ ಇಲ್ಲವೋ ಒಮ್ಮೆ ಪೈಸಲ್ ಆಗಿಬಿಡಲಿ ಎಂದು ಸುರುಳಿಯನ್ನು ಪೂರ್ತಿ ಬಿಚ್ಚಿದೆ. ಕಾಗದಕ್ಕೆ ಅಂಟಿಕೊಂಡು ಕೆನೆ ಬಣ್ಣದ ಉದ್ದನೆಯ ಪಟ್ಟಿ. ಅದು ಮತ್ತೆ ಮತ್ತೆ ಸುತ್ತಿಕೊಳ್ಳುತ್ತಿತ್ತು. ಗೋಡೆಯ ಮೊಳೆಗೆ ಒಂದು ತುದಿ ಸಿಕ್ಕಿಸಿ, ಇನ್ನೊಂದು ತುದಿಗೆ ಕಲ್ಲು ಕಟ್ಟಿ ನೇತುಹಾಕಿದೆ. ನೆಟ್ಟಗೆ ನಿಂತಿತು. ಒಂದು ಚಿತ್ರವೂ ಇರಲಿಲ್ಲ.

ಗೆದ್ದವನ ಹುರುಪಿನಲ್ಲಿ ಅಡಿಗೆಮನೆಯ ಕಡೆ ಕೂಗಿದೆ. “ಅತ್ತೀ, ಬಂದು ನೋಡಿಲ್ಲೆ. ಎಲ್ಲದ ನಿನ್ನ ಫೋಟೋ?”

ಅತ್ತೆ ಹೊಸ್ತಿಲ ತನಕ ಬಂದಳು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿತ್ತು. ಆ ಪಟ್ಟಿ ಬಿಸಿಲಲ್ಲಿ ನೋಡನೋಡುತ್ತ ನೇರಳೆಗೆ ತಿರುಗುತ್ತಿತ್ತು. ಹಳೆಯ ಮಾಲು, ಕೊಳೆತಿದೆ ಎಂದು ನಾನೇ ಅದಕ್ಕೊಂದು ಕಾರಣ ಕೊಟ್ಟೆ. ಅತ್ತೆ ಬಹಳ ಹೊತ್ತು ನೋಡಿದಳು.

“ಹೌದು, ಇಲ್ಲ,” ಎಂದು ಒಳಗೆ ಹೋದಳು.

ಅವತ್ತು ಸಾರಿಗೆ ಉಪ್ಪು ಬಿದ್ದಿರಲಿಲ್ಲ. ನಾನು ಅದನ್ನೂ ಎತ್ತಿ ಆಡಿದೆ.

ಯುದ್ಧದ ಕಾಲ, ಪೆಟ್ರೋಲು ಇರಲಿಲ್ಲ. ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡ ಬಸ್ಸು ಮಾನ್ವಿಯಿಂದ ರಾಯಚೂರಿಗೆ ಅರ್ಧ ದಿನ ತೆಗೆದುಕೊಂಡಿತು. ಏರು ಬಂದಲ್ಲೆಲ್ಲ ನಾವು ಇಳಿದು ತಳ್ಳಿದೆವು. ಸ್ಟೇಷನ್ ರಸ್ತೆಯಲ್ಲಿ ಶಂಶುದ್ದೀನ್ ಸಾಹೇಬರ ಸ್ಟುಡಿಯೋ. ಬಿಳಿ ಗಡ್ಡದ, ಮಾತು ಕಡಿಮೆಯ ಮನುಷ್ಯ. ಅಳತೆಗೆಂದು ತಂದಿದ್ದ ಹಳೆಯ ಸುರುಳಿಯನ್ನು ಅವರ ಮೇಜಿನ ಮೇಲೆ ಚೆಲ್ಲಿ, ಅತ್ತೆಯ ಕಥೆಯನ್ನು, ಮಾವನ ಹೆಸರು ಸಹಿತ, ತಮಾಷೆಯಾಗಿ ಹೇಳಿದೆ. ಗೋಡೆಗೆ ನೇತುಹಾಕಿದ್ದು, ಕಲ್ಲು ಕಟ್ಟಿದ್ದು, ಅತ್ತೆ ಸೋತು ಒಳಗೆ ಹೋದದ್ದು, ಯಾವುದನ್ನೂ ಬಿಡಲಿಲ್ಲ. ಅವರು ನಗಲಿಲ್ಲ.

“ಇದರಾಗ ತಸ್ವೀರ್ ಇದ್ದವು, ಮಾಸ್ತರ್ ಸಾಬ್,” ಎಂದರು. “ಔಷಧದಾಗ ತೊಳಿಯೋತನಕ ಕಣ್ಣಿಗಿ ಕಾಣಂಗಿಲ್ಲ. ತೊಳಿಯೋಕಿಂತ ಮುಂಚೆ ಬೆಳಕು ಬಿದ್ರ ಖತಂ.”

ಕೆಂಪು ಗಾಜಿನ ಮೂರು ಎಂಬುದು ಕ್ಯಾಮೆರಾದ ನಂಬರಲ್ಲ, ಫಿಲ್ಮಿನ ಬೆನ್ನಿಗಿರುವ ಕಾಗದದ ಮೇಲಿನ ಅಂಕಿ ಎಂದೂ ತಿಳಿಸಿದರು. ಎರಡು ಚಿತ್ರ ತೆಗೆದಾಗಿದೆ, ಮೂರನೆಯದು ಕಾಯುತ್ತಿದೆ ಎಂದು ಅದರ ಅರ್ಥ. ಎಂಟು ವರ್ಷ ಬೆಳಕಿನ ಪಾಠ ಹೇಳಿದವನಿಗೆ ಬೆಳಕು ಏನು ಮಾಡುತ್ತದೆಂದು ಅವರು ಹೇಳಿಕೊಡಬೇಕಾಯಿತು. ನಾನು ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ನನ್ನ ಜೀವಮಾನದಲ್ಲಿ ನನ್ನ ಮೇಲೆ ನನಗೆ ಅಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

ಸ್ವಲ್ಪವಾದರೂ ಉಳಿದಿರಬಹುದೇ ಎಂದು ಕೇಳಿದೆ. ಪೂರ್ತಿ ಬಿಚ್ಚಿದಿರಾ ಎಂದರು. ಪೂರ್ತಿ, ಎಂದೆ. ಏನೂ ಉಳಿದಿಲ್ಲವೆಂದು ತಲೆ ಆಡಿಸಿದರು. ನಾನು ಬಿಚ್ಚದೇ ತಂದಿದ್ದರೆ ಬರುತ್ತಿತ್ತೇ ಎಂದೆ. ಈ ಸೀಮೆಯ ಸೆಕೆಯಲ್ಲಿ ಇಪ್ಪತ್ತಾರು ವರ್ಷ ಕಳೆದ ಫಿಲ್ಮು, ಬರುತ್ತಿತ್ತೋ ಇಲ್ಲವೋ ಖುದಾನಿಗೇ ಗೊತ್ತು ಎಂದರು. ನನಗೆ ಸ್ವಲ್ಪ ಉಸಿರು ಬಂತು. ಆದರೆ ಅಂಥವು ಬಂದದ್ದನ್ನೂ ತಾವು ನೋಡಿದ್ದುಂಟು ಎಂದು ಸೇರಿಸಿದರು. ಸುಳ್ಳು ಹೇಳುವ ಮನುಷ್ಯ ಅವರಲ್ಲ.

ಆಮೇಲೆ ಅವರು ಡ್ರಾಯರಿನಿಂದ ಎರಡು ಡಬ್ಬಿ ತೆಗೆದಿಟ್ಟರು. ಯುದ್ಧ ಮುಗಿಯುವವರೆಗೆ ಹೊಸ ಮಾಲಿಲ್ಲ, ಇರುವುದು ಇವೆರಡೇ, ಒಂದನ್ನು ಮಾತ್ರ ಕೊಡಬಲ್ಲೆ, ಆರಿಸಿಕೊಳ್ಳಿ ಎಂದರು. ಮೊದಲನೆಯದು ಹಳೇ ತರದ್ದು. ಅದಕ್ಕೆ ಕೆಂಪು ಬಣ್ಣ ಕಾಣುವುದೇ ಇಲ್ಲ. ಆದ್ದರಿಂದಲೇ ಹಿಂದಿನ ಕೆಂಪು ಗಾಜಿನಿಂದ ಅದಕ್ಕೆ ಧಕ್ಕೆಯಿಲ್ಲ, ಕೆಂಪು ದೀಪದಲ್ಲಿ ತೊಳೆಯಬಹುದು. ಆದರೆ ಚಿತ್ರದಲ್ಲಿ ಕೆಂಪೆಲ್ಲ ಕಪ್ಪಾಗಿ ಬರುತ್ತದೆ. ಎರಡನೆಯದು ಹೊಸ ತರದ್ದು. ಅದಕ್ಕೆ ಎಲ್ಲ ಬಣ್ಣವೂ ಕಾಣುತ್ತದೆ. ಆದರೆ ಕೆಂಪು ಗಾಜನ್ನು ಸದಾ ಮುಚ್ಚಿಟ್ಟಿರಬೇಕು, ತೊಳೆಯಲು ಪೂರಾ ಕತ್ತಲೆ ಬೇಕು. ನಿಮ್ಮ ಕ್ಯಾಮೆರಾಕ್ಕೆ ಹಳೇ ತರದ್ದೇ ಸರಿ ಎಂದರು. ನಿಮಗೂ, ಎಂದು ಹೇಳಲಿಲ್ಲ. ನನಗೆ ಕೇಳಿಸಿತು.

ನಾನು ಡಬ್ಬಿಗಳನ್ನು ತಿರುವಿ ತಿರುವಿ ನೋಡುತ್ತ ಕುಳಿತೆ. ಆಗ ಅವರು, ಜಗನ್ನಾಥರಾಯರೂ ಹೀಗೇ ಇದೇ ಸ್ಟೂಲಿನ ಮೇಲೆ ಕೂರುತ್ತಿದ್ದರು ಎಂದರು. ಆಗ ಅಂಗಡಿ ಶಂಶುದ್ದೀನ್ ಸಾಹೇಬರ ತಂದೆಯದು. ಬಂದಾಗಲೆಲ್ಲ ರಾಯರದು ಒಂದೇ ಪ್ರಶ್ನೆ: ಕುಂಕುಮ ಕಪ್ಪಾಗದ ಫಿಲ್ಮು ಬಂದಿದೆಯೇ? ಬಂದಿಲ್ಲ ಎಂದರೆ, ಹಾಗಾದರೆ ಸದ್ಯ ಇಂಜಿನ್ನಿನ ಫೋಟೋ ತೆಗೆಯುತ್ತೇನೆ ಎಂದು ಸಿಕ್ಕಿದ್ದನ್ನು ಒಯ್ಯುತ್ತಿದ್ದರಂತೆ. ಕಾದು ಕಾದು ಕೊನೆಗೊಮ್ಮೆ ಇರುವ ಫಿಲ್ಮಿನಲ್ಲೇ ಹೆಂಡತಿಯನ್ನು ತೆಗೆದಿದ್ದರೆಂದು ನನಗೆ ಆಗ ಅರ್ಥವಾಯಿತು.

ನಾನು ಹೊಸ ತರದ್ದನ್ನು ಆರಿಸಿದೆ. ಅತ್ತೆಯ ಹಣೆಯಲ್ಲಿ ಈಗ ಕುಂಕುಮವಿಲ್ಲ, ಆದರೆ ಅವಳ ಕೆಂಪು ಸೀರೆಯಾದರೂ ಕಪ್ಪಾಗಿ ಬರಬಾರದು ಎಂಬುದು ಒಂದು ಕಾರಣ. ಹಳೇ ತರದ್ದೇ ನನಗೆ ಸಾಕು ಎಂದು ಬಗೆದರಲ್ಲ ಎಂಬ ಸಿಟ್ಟು ಇನ್ನೊಂದು. ಎರಡನೆಯ ಕಾರಣವನ್ನು ಮುಚ್ಚಿಟ್ಟರೆ ನಾನು ಈ ಕಥೆ ಬರೆದೂ ಪ್ರಯೋಜನವಿಲ್ಲ. ಶಂಶುದ್ದೀನ್ ಸಾಹೇಬರು ಕೆಂಪು ಗಾಜಿನ ಮೇಲೆ ಕರಿಯ ಬಟ್ಟೆಯ ತುಂಡೊಂದನ್ನು ಅಂಟಿಸಿಕೊಟ್ಟು, ಅಂಕಿ ನೋಡುವಾಗ ನೆರಳಲ್ಲಿ ಅರೆಗಳಿಗೆ ಮಾತ್ರ ಎತ್ತಬೇಕೆಂದು ಎರಡು ಸಲ ಹೇಳಿದರು.

ಹಿಂದಿರುಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಸೆಕೆಗೆ ಫಿಲ್ಮು ಎಂದೋ ಕೆಟ್ಟಿತ್ತಂತೆ ಎಂದುಬಿಡುವುದು. ಪೂರ್ತಿ ಸುಳ್ಳೂ ಅಲ್ಲ. ಮನೆಗೆ ಬಂದಾಗ ಅತ್ತೆ ಪಡಸಾಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದಳು. ಅವಳ ಎದುರು ಕುಳಿತ ಮೇಲೆ ಜೋಡಿಸಿದ ಮಾತು ಒಂದೂ ಬರಲಿಲ್ಲ. ಫೋಟೋ ಇತ್ತು ಅತ್ತೀ, ನಾನೇ ಹಾಳುಮಾಡಿದೆ ಎಂದೆ.

“ಗೊತ್ತದ,” ಎಂದಳು. “ನೀ ಬಿಸಿಲಿಗಿ ಹಿಡದಾಗ ಗೊತ್ತಾತು.”

“ಮತ್ತ ಅವಾಗ್ಯಾಕ ಹೇಳಲಿಲ್ಲ?”

“ಹೋದದ್ದು ಹೋಗಿತ್ತು. ನೀ ನೋಡಿದ್ರ ಅಷ್ಟು ಖುಷೀಲೆ ತೋರಸ್ಲಿಕ್ಕತ್ತಿದ್ದಿ.”

ಆಮೇಲೆ ಅವಳು ಹೇಳಿದ್ದನ್ನು ಕೇಳಿ ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ರಾಯಚೂರಿನ ಬಿಡಾರದ ಬಚ್ಚಲಲ್ಲಿ ಮಾವ ಕಂದೀಲಿಗೆ ಕೆಂಪು ಕಾಗದ ಸುತ್ತಿ ಫಿಲ್ಮು ತೊಳೆಯುತ್ತಿದ್ದರಂತೆ. ಔಷಧ ಕಲಸಿ, ನೀರು ಸೇದಿಕೊಟ್ಟು, ಬಾಗಿಲ ಸಂದಿಗೆ ಬಟ್ಟೆ ತುರುಕುತ್ತಿದ್ದವಳು ಅತ್ತೆ. ಮನೆಯಲ್ಲಿ ಗಡಿಯಾರವಿರಲಿಲ್ಲ. ಒಂದು ದೇವರನಾಮವನ್ನು ಅವಳು ಮೊದಲಿನಿಂದ ಕೊನೆಯವರೆಗೆ, ಅವಸರ ಮಾಡದೆ, ಎರಡು ಸಲ ಹೇಳಿ ಮುಗಿಸಿದರೆ ಫಿಲ್ಮು ತೆಗೆಯುವ ಹೊತ್ತಾಯಿತೆಂದು ಲೆಕ್ಕ. ಇಂಥವಳಿಗೆ ನಾನು ರಟ್ಟಿನ ಡಬ್ಬಿಯ ಪಾಠ ಹೇಳಿದ್ದೆ. ತೊಳೆಯಲು ಅದೇನು ಪಂಚೆಯೇ ಎಂದು ನಕ್ಕಿದ್ದೆ.

“ಹಿತ್ತಲದಾಗ ನಿಂದ್ರಿಸಿದ್ರು,” ಎಂದಳು, ಬತ್ತಿ ಹೊಸೆಯುತ್ತಲೇ. “ನಗಬ್ಯಾಡ ಅಂದ್ರು. ನಂಗ ನಗು ಬಂದುಬಿಡ್ತು. ನಕ್ಕದ್ದು ಫೋಟೋದಾಗ ಬಂದದೋ ಇಲ್ಲೋ ನೋಡಬೇಕಂತ ಇತ್ತು. ಅಷ್ಟ.”

ನನಗೆ ಅಳು ಬಂತು. ಮೂವತ್ತೊಂದು ವರ್ಷದ ಮಾಸ್ತರ, ಮೂಗು ಒರೆಸಿಕೊಳ್ಳುತ್ತ ಹೊಸ ಫಿಲ್ಮಿನ ಡಬ್ಬಿ ತೆಗೆದು ಮುಂದಿಟ್ಟೆ. ಇದಕ್ಕೆ ಕೆಂಪು ದೀಪ ನಡೆಯುತ್ತದೆಯೇ ಎಂದು ಕೇಳಿದಳು. ನಡೆಯುವುದಿಲ್ಲ, ಇದಕ್ಕೆ ಕೆಂಪು ಕಾಣುತ್ತದೆ ಎಂದೆ. ಡಬ್ಬಿಯ ಕಡೆ ಬಗ್ಗಿ ನೋಡಿದಳು. ಹಾಗಾದರೆ ಅವರು ಕೇಳುತ್ತಿದ್ದದ್ದು ಇದೇ ಎಂದಳು.

ನಾಳೆ ಬೆಳಿಗ್ಗೆ ನಿನ್ನ ಫೋಟೋ ತೆಗೆಯುತ್ತೇನೆ ಎಂದು ಕೈಮುಗಿದು ಕೇಳಿಕೊಂಡೆ.

“ತಗೀಬೇಕಾದವರು ತಗದು ಹೋದ್ರು. ನಂದು ಬ್ಯಾಡೋ ವಾದೀ,” ಎಂದಳು.

ಆದರೆ ಮರುದಿನ ಬೆಳಿಗ್ಗೆ ಅವಳೇ ನನ್ನನ್ನು ಎಬ್ಬಿಸಿದಳು. ಇನ್ನೂ ಸ್ನಾನವಾಗಿಲ್ಲ, ಕ್ಯಾಮೆರಾ ಕೊಡು ಎಂದಳು. ಕಾಳಿನ ಕೋಣೆಯ ಕತ್ತಲಲ್ಲಿ ಕುಳಿತು, ಬೆರಳಿನ ನೆನಪಿನಲ್ಲೇ ಫಿಲ್ಮು ಏರಿಸಿದಳು. ರಾತ್ರಿಯೆಲ್ಲ ಫಿಲ್ಮಿನ ಡಬ್ಬಿಯಲ್ಲಿದ್ದ ಸೂಚನಾ ಪತ್ರ ಓದಿದ್ದರೂ ನನಗೆ ಅದು ಯಾವ ಕಡೆಯಿಂದ ಏರುತ್ತದೆಂದು ತಿಳಿದಿರಲಿಲ್ಲ. ಬಟ್ಟೆಯನ್ನು ಅರೆಗಳಿಗೆ ಎತ್ತಿ, ಒಂದನೇ ಅಂಕಿ ಬಂತೋ ಎಂದು ನನ್ನಿಂದ ಓದಿಸಿ, ಮುಚ್ಚಿದಳು. ಆಮೇಲೆ ಹಿತ್ತಿಲಿಗೆ ಕರೆದೊಯ್ದಳು. ಆಗಷ್ಟೇ ಬಿಸಿಲು ಏರುತ್ತಿತ್ತು. ನನ್ನನ್ನು ಗೋಡೆಯ ಮುಂದೆ, ಬಿಸಿಲು ಮುಖಕ್ಕೆ ಬೀಳುವಂತೆ ನಿಲ್ಲಿಸಿ, ತಾನು ಸೂರ್ಯನಿಗೆ ಬೆನ್ನು ಕೊಟ್ಟು ನಿಂತಳು. ಕ್ಯಾಮೆರಾವನ್ನು ಸೊಂಟಕ್ಕೆ ಒತ್ತಿ ಹಿಡಿದು ಬಗ್ಗಿ ನೋಡಿದಳು.

“ನಗಬ್ಯಾಡ,” ಎಂದಳು.

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ‘ಟಿಕ್’ ಎಂದಿತು. ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು ನೇರ ಬಾವಿಯ ಕಡೆ ನಡೆದಳು. ಅವತ್ತು ಎರಡು ಕೊಡ ನೀರು ಹೆಚ್ಚು ಸುರುವಿಕೊಂಡಳು.

ಉಳಿದ ಏಳು ಚಿತ್ರಗಳ ಗತಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ದೇವದುರ್ಗದಲ್ಲಿ ಶಂಭುಲಿಂಗಪ್ಪನವರು ಹೊಸ ಅಂಗಿ ತೊಟ್ಟು ಇಂಜಿನ್ನಿನ ಹಿಂದೆ ನಿಂತರು. ನಡುವೆ ಅವರಿಗೆ, ಒಳಗೆ ಅಂಕಿ ಹೇಗೆ ತಿರುಗುತ್ತದೆ ನೋಡಬೇಕೆನಿಸಿತು. ಬಲ್ಲವನ ಗತ್ತಿನಲ್ಲಿ ನಾನು ಕರಿಯ ಬಟ್ಟೆಯನ್ನು ಕಿತ್ತು, ರಣಬಿಸಿಲಲ್ಲಿ, ಅವರಿಗೂ ಅವರ ಗುಮಾಸ್ತರಿಗೂ ಆಮೇಲೆ ಬಂದವರಿಗೆಲ್ಲರಿಗೂ ತೋರಿಸಿದೆ. ಒಂದು ವಾರದಲ್ಲಿ ಫಿಲ್ಮು ಮುಗಿಯಿತು. ರಾಯಚೂರಿನಲ್ಲಿ ತೊಳೆದಾಗ ಏಳರಲ್ಲಿ ಆರರ ನಟ್ಟನಡುವೆ ದುಂಡನೆಯ ಬಿಳಿ ಕಲೆ ಬಂದಿತ್ತು. ಇಂಜಿನ್ನು ಸ್ವಚ್ಛವಾಗಿತ್ತು, ಕಲೆ ಬಿದ್ದದ್ದು ಶಂಭುಲಿಂಗಪ್ಪನವರ ಮುಖದ ಮೇಲೆ. ಏಳನೆಯದರಲ್ಲಿ ನನ್ನ ಹೆಬ್ಬೆರಳು ಮಾತ್ರ ಇತ್ತು. ಶಂಶುದ್ದೀನ್ ಸಾಹೇಬರು ಮೊದಲನೆಯದನ್ನು ಮಾತ್ರ ಬೇರೆ ತೆಗೆದಿಟ್ಟು, ಇದನ್ನು ತೆಗೆದವರು ಯಾರು ಎಂದು ಕೇಳಿದರು.

ಅದನ್ನು ತೆಗೆದುಕೊಂಡು ಮಾನ್ವಿಗೆ ಬಂದೆ. ಅತ್ತೆಯ ಕೈಗೆ ಕೊಟ್ಟೆ. ಚಿತ್ರದಲ್ಲಿ ನಾನು ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಬಾಯಿ ಅರ್ಧ ತೆರೆದು, ಧೋತರದ ಒಂದು ತುದಿ ಇಳಿಬಿದ್ದದ್ದು ಗೊತ್ತಿಲ್ಲದೆ ನಿಂತಿದ್ದೇನೆ. ಥೇಟ್ ನೀನೇ ಇದ್ದೀಯ ಎಂದಳು. ಒಪ್ಪಬೇಕಾದ ಮಾತು.

ಆಮೇಲೆ ಅವಳ ಕಣ್ಣು ಚಿತ್ರದ ಕೆಳಭಾಗಕ್ಕೆ ಹೋಯಿತು. ನೆಲದ ಮೇಲೆ ಉದ್ದನೆಯ ನೆರಳೊಂದು ನನ್ನ ಪಾದದವರೆಗೆ ಬಂದಿತ್ತು. ತಲೆಯ ಮೇಲೆ ಸೆರಗು, ಪೆಟ್ಟಿಗೆಯನ್ನು ಹೊಟ್ಟೆಗೆ ಒತ್ತಿ ಹಿಡಿದದ್ದಕ್ಕೆ ಎರಡೂ ಕಡೆ ಚಾಚಿದ ಮೊಣಕೈ. ಅತ್ತೆ ಅದರ ಮೇಲೆ ಬೆರಳಿಟ್ಟಳು.

“ಇದು ನಾನ ಅಲ್ಲೇನೋ?”

ನಾನು ಬಗ್ಗಿ ನೋಡಿ ಹೌದೆಂದೆ. ಅತ್ತೆಗೆ ನಗು ಬಂತು. ಮೊದಲು ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಬಾಯಿಗೆ ಸೆರಗು ಹಿಡಿಯುವುದನ್ನೂ ಮರೆತು ನಕ್ಕಳು. ಅವಳ ಮಡಿಲಲ್ಲಿ ಬೆಳೆದ ಇಪ್ಪತ್ತಾರು ವರ್ಷಗಳಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಹಿತ್ತಲಲ್ಲಿ ಮಾವನ ಮುಂದೆ ನಕ್ಕದ್ದು ಹೀಗೆಯೇ ಇದ್ದಿರಬೇಕು ಎನಿಸಿ, ತಟ್ಟನೆ ಎದ್ದು ಗೂಟದ ಮೇಲಿದ್ದ ಕ್ಯಾಮೆರಾ ತೆಗೆದು, ಮುಚ್ಚಳ ಎಳೆದು, ಅವಳ ಕಡೆ ಹಿಡಿದೆ. ಆಮೇಲೆ ನೆನಪಾಯಿತು, ಒಳಗೆ ಫಿಲ್ಮಿರಲಿಲ್ಲ. ನಾನು ಅದನ್ನು ಹಿಡಿದುಕೊಂಡೇ ನಿಂತಿದ್ದೆ. ನನ್ನ ಮುಖ ನೋಡಿ ಅತ್ತೆ ಇನ್ನಷ್ಟು ನಕ್ಕಳು.